ಅಜಿನ್‌ಕೋರ್ಟಿನ ಬಾಣವೂ ಉಕ್ಕಿನ ಕವಚವೂ

ನಮ್ಮ ಸಂಘದ ಹಿಂದಿನ ಮಾಸದ ಸಭೆಯಲ್ಲಿ ಯೂರೋಪಿನ ಮಧ್ಯಯುಗದ ಯುದ್ಧಗಳನ್ನು ಕುರಿತು ಉಪನ್ಯಾಸಮಾಡಿದ ವಿದ್ವಾಂಸರೊಬ್ಬರು, ಇಂಗ್ಲಿಷ್ ಬಿಲ್ಲುಗಾರನ ಬಾಣವು ಫ್ರೆಂಚ್ ಸರದಾರನ ಉಕ್ಕಿನ ಕವಚವನ್ನು, ದಬ್ಬಣವು ಬಾಳೆಯೆಲೆಯನ್ನು ಚುಚ್ಚಿದಷ್ಟು ಸುಲಭವಾಗಿ ಭೇದಿಸುತ್ತಿದ್ದಿತೆಂದು ಅಪ್ಪಣೆಕೊಡಿಸಿದರು. ಸಭೆಯು ಕರತಾಡನಮಾಡಿತು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ನಾನೂ ದಾಕ್ಷಿಣ್ಯಕ್ಕೊಳಗಾಗಿ ಕೈತಟ್ಟಿದೆನೆಂಬುದನ್ನು ಒಪ್ಪಿಕೊಳ್ಳಲೇಬೇಕು. ಆ ತಪ್ಪಿಗೆ ಈ ಲೇಖನವೇ ಪ್ರಾಯಶ್ಚಿತ್ತವಾಗಲಿ.

ಈ ಮಾತು ಉಪನ್ಯಾಸಕರ ಸ್ವಂತದ್ದಲ್ಲ. ಇಂಗ್ಲೆಂಡಿನ ಇತಿಹಾಸವನ್ನು ನಮ್ಮ ಹುಡುಗರಿಗೆ ಬಾಯಿಪಾಠ ಮಾಡಿಸುತ್ತಿದ್ದ ಕಾಲದಿಂದಲೂ ಇದು ನಮ್ಮ ಮನೆಗಳಲ್ಲಿ ಬೇರೂರಿದೆ. ಬಡ ಒಕ್ಕಲಿಗನ ಕೈಯ ಮರದ ಬಿಲ್ಲು, ಸಿರಿವಂತ ಪ್ರಭುವಿನ ಮೈಯ ಉಕ್ಕನ್ನು ಒಡೆಯಿತೆಂಬ ಕಥೆ ಯಾರಿಗೆ ತಾನೆ ಹಿತವಾಗದು? ಹಿತವಾದುದರಿಂದಲೇ ಅದನ್ನು ಯಾರೂ ಒರೆಗೆ ಹಚ್ಚಲಿಲ್ಲ. ಆದರೆ ಕಿವಿಗೆ ಇಂಪಾದುದೆಲ್ಲವೂ ಇತಿಹಾಸವಾಗುವುದಿಲ್ಲವಷ್ಟೆ.

ಮೊದಲನೆಯದಾಗಿ, ಕವಚವೆಂದರೆ ಒಂದೇ ವಸ್ತುವೆಂದು ತಿಳಿಯುವುದೇ ಪ್ರಮಾದವು. ಹನ್ನೆರಡನೆಯ ಶತಮಾನದ ಯೋಧನು ತೊಡುತ್ತಿದ್ದುದು ಸಾವಿರಾರು ಕಬ್ಬಿಣದ ಉಂಗುರಗಳನ್ನು ಹೆಣೆದು ಮಾಡಿದ ಸರಪಣಿಯ ಅಂಗಿ. ವೇಲ್ಸ್ ದೇಶವನ್ನು ಸುತ್ತಿದ ಜೆರಾಲ್ಡನೆಂಬ ಪಾದ್ರಿಯು ಆ ಶತಮಾನದ ಕೊನೆಯಲ್ಲಿ, ಅಲ್ಲಿಯ ಬಾಣವೊಂದು ಸವಾರನ ತೊಡೆಯನ್ನೂ ಅದರ ಮೇಲಣ ಸರಪಣಿಯನ್ನೂ ತಡಿಯನ್ನೂ ಹಾದು ಕುದುರೆಯನ್ನು ಕೊಂದಿತೆಂದು ಬರೆದಿಟ್ಟನು. ನಮ್ಮ ಉಪನ್ಯಾಸಕರು ಇದನ್ನು ಉದಾಹರಿಸಿದರು, ಸಂತೋಷ. ಆದರೆ ಅದೇ ಕಾಲದ ಮತ್ತೊಂದು ಸಾಕ್ಷ್ಯವನ್ನು ಏಕೆ ಮರೆತರೋ ತಿಳಿಯದು. 1191 ರಲ್ಲಿ ರಿಚರ್ಡ್ ದೊರೆಯ ಸೈನ್ಯವು ಅರ್ಸೂಫಿನ ಕಡೆಗೆ ನಡೆಯುತ್ತಿದ್ದಾಗ, ಶತ್ರುಪಕ್ಷದಲ್ಲಿದ್ದ ಬಹಾಉದ್ದೀನನು ಅದನ್ನು ಕಣ್ಣಾರೆ ಕಂಡನು. ದಪ್ಪ ಕಂಬಳಿಬಟ್ಟೆಯನ್ನೂ ಸರಪಣಿಯನ್ನೂ ತೊಟ್ಟ ಕಾಲಾಳುಗಳು ಬೆನ್ನಿನಲ್ಲಿ ಹತ್ತರವರೆಗೆ ಬಾಣಗಳು ನೆಟ್ಟಿದ್ದರೂ ಸಾಲು ಬಿಡದೆ ಸಾವಧಾನವಾಗಿ ನಡೆದುಹೋಗುತ್ತಿದ್ದರೆಂದು ಅವನು ಬರೆಯುತ್ತಾನೆ. ತನ್ನ ಪಕ್ಷದ ಬಿಲ್ಲುಗಾರರ ವೈಫಲ್ಯವನ್ನು ತಾನೇ ಹೇಳಿಕೊಂಡ ಸಾಕ್ಷಿಗಿಂತ ನಂಬಲರ್ಹನಾದವನು ಯಾರು? ಬಿಲ್ಲಿನ ಬಲ, ಬಾಣದ ಮೊನೆ, ದೂರ, ಒಳಗೆ ತೊಟ್ಟ ಬಟ್ಟೆ, ಇವುಗಳಿಗೆ ತಕ್ಕಂತೆ ಸರಪಣಿಯು ಒಮ್ಮೆ ಸೋಲುವುದು, ಒಮ್ಮೆ ಗೆಲ್ಲುವುದು.

ಸರಪಣಿಯು ಹೀಗೆ ಸಂದೇಹಾಸ್ಪದವಾದುದರಿಂದಲೇ ಹದಿನಾಲ್ಕನೆಯ ಶತಮಾನದಲ್ಲಿ ಕಮ್ಮಾರರು ಅದರ ಮೇಲೆ ತಗಡುಗಳನ್ನು ಕೂಡಿಸುತ್ತ ಬಂದು, 1400 ರ ಹೊತ್ತಿಗೆ ಧನಿಕನಾದ ಭಟನನ್ನು ಅಡಿಯಿಂದ ಮುಡಿಯವರೆಗೆ ಉಕ್ಕಿನಲ್ಲಿ ಹುದುಗಿಸಿಬಿಟ್ಟರು. ಒಟ್ಟು ತೂಕ 20 ರಿಂದ 25 ಕಿಲೋಗ್ರಾಂ. ಅದೂ ಮೈಯೆಲ್ಲ ಹಂಚಿಹೋಗಿದ್ದುದರಿಂದ ತೊಟ್ಟವನು ಓಡಬಲ್ಲನು, ಬಿದ್ದರೆ ಏಳಬಲ್ಲನು. ಎದೆಯ ತಗಡನ್ನು ಮಡಕೆಯ ಹೊಟ್ಟೆಯಂತೆ ಉಬ್ಬಿಸಿದುದು ಅಲಂಕಾರಕ್ಕಲ್ಲ. ಬಂದ ಬಾಣವು ನೆಟ್ಟಗೆ ತಾಗದೆ ಜಾರಿಹೋಗಲೆಂದು. ಬಾಳೆಯೆಲೆಯಷ್ಟೇ ದುರ್ಬಲವಾದ ವಸ್ತುವಿಗೆ ಮಿಲಾನಿನ ಕಮ್ಮಾರರ ಬಾಗಿಲಲ್ಲಿ ಯೂರೋಪಿನ ಪ್ರಭುಗಳು ಹಣ ಸುರಿದು ಕಾಯುತ್ತಿದ್ದರೆಂದು ಹೇಳುವವರು ಆ ಪ್ರಭುಗಳನ್ನೆಲ್ಲ ಮೂಢರೆಂದು ಭಾವಿಸಿರಬೇಕು. ತಮ್ಮ ಪ್ರಾಣದ ವಿಷಯದಲ್ಲಿ ಮನುಷ್ಯರು ಶತಮಾನಗಟ್ಟಲೆ ಮೋಸಹೋಗುವುದಿಲ್ಲ. ಕರ್ಣನ ಕವಚವನ್ನು ಯಾವ ಬಾಣವೂ ಕಿತ್ತುಕೊಳ್ಳಲಿಲ್ಲ, ಇಂದ್ರನು ಬೇಡಿ ಪಡೆಯಬೇಕಾಯಿತೆಂಬುದನ್ನು ಬಲ್ಲ ನಾವಾದರೂ ಈ ಮಾತನ್ನು ಇಷ್ಟು ಬೇಗ ನುಂಗಬಾರದಾಗಿತ್ತು.

ಬಿಲ್ಲನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. 1545 ರಲ್ಲಿ ಮುಳುಗಿ 1982 ರಲ್ಲಿ ಮೇಲೆತ್ತಲ್ಪಟ್ಟ ‘ಮೇರಿ ರೋಸ್’ ಎಂಬ ಹಡಗಿನಲ್ಲಿ ನೂರಕ್ಕೂ ಮಿಕ್ಕ ಯೂ ಮರದ ಬಿಲ್ಲುಗಳು ದೊರೆತವು. ಅವುಗಳನ್ನು ಸೆಳೆಯಲು 100 ರಿಂದ 185 ಪೌಂಡುಗಳವರೆಗೆ ಬಲ ಬೇಕಾಗುತ್ತಿದ್ದಿತೆಂದು ಬಲ್ಲವರು ಲೆಕ್ಕಹಾಕಿರುವರು. ಅಂಥ ಬಿಲ್ಲನ್ನು ಎಳೆದವನ ತೋಳು ಸಾಮಾನ್ಯವಾದುದಲ್ಲ. ಆದರೂ 2019 ರಲ್ಲಿ ಇಂಗ್ಲೆಂಡಿನ ಕೆಲವು ಕುಶಲಕರ್ಮಿಗಳೂ ಪಂಡಿತರೂ ಸೇರಿ, 160 ಪೌಂಡಿನ ಬಿಲ್ಲಿನಿಂದ, 1415 ರ ಕಾಲದ ಮಾದರಿಯ ಎದೆಗವಚದ ಮೇಲೆ, ಕೇವಲ 25 ಮೀಟರುಗಳ ದೂರದಿಂದ ಬಾಣಗಳನ್ನು ಬಿಟ್ಟು ನೋಡಿದಾಗ ಒಂದೂ ಎದೆಯ ತಗಡನ್ನು ತೂರಲಿಲ್ಲ. ಬಾಣಗಳು ಚೂರುಚೂರಾಗಿ ಸಿಡಿದವು. ಆ ಚೂರುಗಳು ಮೇಲಕ್ಕೆ, ಗಂಟಲಿನ ಕಡೆಗೆ ಹಾರುತ್ತಿದ್ದುವು. ಹಳೆಯ ಕವಚಗಳ ಕೊರಳಿನ ಕೆಳಗೆ ಏಣಿನಂತಹ ಪಟ್ಟಿಯೊಂದನ್ನು ಏಕೆ ಕೂಡಿಸುತ್ತಿದ್ದರೆಂಬುದು ಆಗ ಅರ್ಥವಾಯಿತು. ತಗಡಿನ ಅಂಚಿನಾಚೆ, ಬರಿಯ ಸರಪಣಿಯಿದ್ದ ಕಡೆ ತಾಗಿದ ಬಾಣವು ಮಾತ್ರ ಒಳಹೊಕ್ಕಿತು.

ಸಮಕಾಲೀನರಿಗೆ ಇದು ತಿಳಿಯದ ಸಂಗತಿಯೇನೂ ಅಲ್ಲ. 1356 ರ ಪ್ವಾಟಿಯೇ ಯುದ್ಧದಲ್ಲಿ ಫ್ರೆಂಚರ ಕುದುರೆಗಳ ಮುಂಭಾಗವು ಉಕ್ಕಿನಿಂದಲೂ ತೊಗಲಿನಿಂದಲೂ ಮುಚ್ಚಿತ್ತು. ಬಾಣಗಳು ಮುರಿದೋ ಜಾರಿಯೋ ವ್ಯರ್ಥವಾದುವು. ಆಗ ಆಕ್ಸ್‌ಫರ್ಡಿನ ಅರ್ಲನು ಬಿಲ್ಲುಗಾರರನ್ನು ಪಕ್ಕಕ್ಕೆ ಸಾಗಿಸಿ, ಕವಚವಿಲ್ಲದ ಹಿಂಭಾಗಕ್ಕೆ ಗುರಿಯಿಡಿಸಿದನೆಂದು ಜೆಫ್ರಿ ಬೇಕರನೆಂಬ ಇಂಗ್ಲಿಷ್ ಚರಿತ್ರಕಾರನೇ ಹೇಳುತ್ತಾನೆ. ಎದುರಿನಿಂದಲೇ ಭೇದಿಸಬಲ್ಲವನು ಪಕ್ಕಕ್ಕೆ ಏಕೆ ಸರಿಯಬೇಕು?

ಇನ್ನು ಅಜಿನ್‌ಕೋರ್ಟು. 1415 ರ ಅಕ್ಟೋಬರ್ 25. ಹಿಂದಿನ ರಾತ್ರಿಯೆಲ್ಲ ಮಳೆ. ಆಗತಾನೆ ಉತ್ತ ಹೊಲ. ಎರಡು ಪಕ್ಕಗಳಲ್ಲೂ ಕಾಡು. ಮೊದಲು ಧಾವಿಸಿ ಬಂದ ಫ್ರೆಂಚ್ ಸವಾರರ ಕುದುರೆಗಳು ಬಾಣ ತಾಗಿ ಹುಚ್ಚೆದ್ದು ಹಿಂದಿರುಗಿ ತಮ್ಮ ಕಾಲಾಳುಗಳನ್ನೇ ತುಳಿದುವು. ಆ ಕಾಲಾಳುಗಳಾದರೋ ಕಣ್ಣುಸೀಳಿನಲ್ಲಿ ಬಾಣ ಹೊಗದಂತೆ ತಲೆತಗ್ಗಿಸಿಕೊಂಡು, ಮೊಣಕಾಲುದ್ದದ ಕೆಸರಿನಲ್ಲಿ ಕಾಲು ಕೀಳುತ್ತ ನಡೆದು ಬಂದರು. ಕಿರಿದಾದ ಬಯಲಿನಲ್ಲಿ ಒತ್ತೊತ್ತಾಗಿ ಬಂದು ಸೇರುವಷ್ಟರಲ್ಲಿ ಅವರಿಗೆ ಕೈಯೆತ್ತಲೂ ಎಡೆಯಿರಲಿಲ್ಲ. ಆಗ ಬಿಲ್ಲುಗಾರರು ಏನು ಮಾಡಿದರು? ಬಿಲ್ಲುಗಳನ್ನು ಬಿಸುಟು, ಕತ್ತಿ ಕೊಡಲಿ ಕೊಡತಿಗಳನ್ನು ಹಿಡಿದು ಮೇಲೆ ಬಿದ್ದರು. ಕೆಡಹಿದುದು ಕೆಸರು; ಕೊಂದುದು ಬಹುಪಾಲು ಕೊಡತಿ ಕಠಾರಿಗಳು.

ಈ ಯುದ್ಧದ ಸಂಗತಿಯೊಂದನ್ನು ಉಪನ್ಯಾಸಕರು ಹೇಳಲೇ ಇಲ್ಲ. ಫ್ರೆಂಚರ ಮೊದಲ ಸಾಲುಗಳು ಮುರಿದ ಮೇಲೆ ಸೆರೆಸಿಕ್ಕಿದವರ ಗುಂಪು ಎಷ್ಟು ದೊಡ್ಡದಾಗಿದ್ದಿತೆಂದರೆ, ಶತ್ರುಗಳು ಮತ್ತೆ ಮೇಲೆಬೀಳುವರೆಂಬ ಸುದ್ದಿ ಬಂದೊಡನೆ ಐದನೆಯ ಹೆನ್ರಿಯು ಅತ್ಯಂತ ಗಣ್ಯರನ್ನುಳಿದು ಸೆರೆಯಾಳುಗಳನ್ನೆಲ್ಲ ಕೊಲ್ಲಿರೆಂದು ಆಜ್ಞೆಮಾಡಿದನು. ಬಿಡುಗಡೆಯ ಹಣದ ಆಸೆಯಿಂದ ಭಟರು ಹಿಂಜರಿಯಲು, ಆ ಕೆಲಸವನ್ನು ಇನ್ನೂರು ಬಿಲ್ಲುಗಾರರಿಗೆ ಒಪ್ಪಿಸಿದನು. ಅಷ್ಟಾದರೂ ನೂರಾರು ಮಂದಿ ಬದುಕಿ ಇಂಗ್ಲೆಂಡಿಗೆ ಹೋದರು. ಬಾಣಗಳ ಆ ಸುರಿಮಳೆಯಲ್ಲಿ ನಡೆದು ಬಂದು, ಕೈಕಾದಾಟಕ್ಕೂ ನಿಂತು, ಜೀವಸಹಿತ ಸಿಕ್ಕಿಬಿದ್ದವರು ಇವರು. ಬಾಣವು ಕವಚವನ್ನು ಬಾಳೆಯೆಲೆಯಂತೆ ಹರಿದಿದ್ದರೆ ಈ ಸೆರೆಯಾಳುಗಳು ಎಲ್ಲಿಂದ ಬಂದರು? ಎಲ್ಲವನ್ನೂ ಬಾಣದ ತಲೆಗೆ ಕಟ್ಟಿ ಹಾಡಿದವರ ಹಾಡಿನಲ್ಲಿ, ಕೈಸೆರೆಯಾದವರನ್ನು ಕತ್ತರಿಸಿದ ಆ ಗಳಿಗೆಯು ಅಡಗಿಹೋಗುತ್ತದೆ. ನನ್ನ ಮುಖ್ಯವಾದ ಆಕ್ಷೇಪವು ಇದೇ.

“ಹಾಗಾದರೆ ಬಾಣವು ನಿರರ್ಥಕವೇ?” ಎಂದು ಕೇಳುವವರಿಗೆ ಹೆನ್ರಿಯ ಮುಖವೇ ಉತ್ತರ. 1403 ರಲ್ಲಿ ಷ್ರೂಸ್‌ಬರಿಯ ರಣದಲ್ಲಿ, ಹದಿನಾರು ವಯಸ್ಸಿನ ಆತನ ಮೂಗಿನ ಪಕ್ಕದಲ್ಲಿ ಹೊಕ್ಕ ಬಾಣದ ಮೊನೆಯು ಆರು ಅಂಗುಲದ ಆಳದಲ್ಲಿ ನಿಂತಿತು. ಜಾನ್ ಬ್ರಾಡ್‌ಮೋರನೆಂಬ ವೈದ್ಯನು ಅದಕ್ಕಾಗಿಯೇ ಇಕ್ಕಳವೊಂದನ್ನು ಮಾಡಿಸಿ, ಗಾಯಕ್ಕೆ ಜೇನು ಹಾಕಿ, ಅದನ್ನು ಹೊರತೆಗೆದನು. ಮುಖ, ಕಂಕುಳು, ಕುದುರೆ, ಹಣವಿಲ್ಲದೆ ಹೀನ ಕಬ್ಬಿಣವನ್ನು ತೊಟ್ಟ ಬಡ ಕಾಲಾಳು: ಬಾಣದ ನಿಜವಾದ ಬೇಟೆಯು ಇವೇ. ಕವಚಧಾರಿಯನ್ನು ಅದು ಕುರುಡುಮಾಡಿತು, ದಣಿಸಿತು, ಒತ್ತೊತ್ತಾಗಿ ಕೂಡಿಸಿತು. ಅದೇನು ಸಣ್ಣ ಕೆಲಸವೆಂದು ನಾನು ಹೇಳುವುದಿಲ್ಲ. ಆದರೆ 1424 ರಲ್ಲಿ ವೆರ್ನೋಯ್ ಬಯಲಿನಲ್ಲಿ, ಒಣಗಿ ಗಟ್ಟಿಯಾದ ನೆಲದಲ್ಲಿ ಬಿಲ್ಲುಗಾರರ ಗೂಟಗಳು ಇಳಿಯದೆಹೋದಾಗ, ಕುದುರೆಗೂ ಕವಚ ತೊಡಿಸಿದ ಲೊಂಬಾರ್ಡಿಯ ಸವಾರರು ಬಾಣಗಳನ್ನು ಲೆಕ್ಕಿಸದೆ ಅವರ ಸಾಲನ್ನು ಹಾದು ಹೋದರು. ಅಲ್ಲಿ ಇಂಗ್ಲಿಷರನ್ನು ಗೆಲ್ಲಿಸಿದವರು ನೆಲದ ಮೇಲೆ ನಿಂತು ಕೊಡಲಿ ಹಿಡಿದು ಕಾದಿದ ಕವಚಧಾರಿಗಳು.

ಅಜಿನ್‌ಕೋರ್ಟಿನ ಸಂಜೆ ಹೆಣಗಳ ರಾಶಿಯ ಅಡಿಯಿಂದ ಓರ್ಲಿಯನ್ಸಿನ ಡ್ಯೂಕ್ ಷಾರ್ಲನನ್ನು ಜೀವಂತವಾಗಿ ಹೊರಗೆಳೆದರು. ಆಗ ಅವನಿಗೆ ಇಪ್ಪತ್ತು ವರ್ಷ. ಇಪ್ಪತ್ತೈದು ವರ್ಷ ಇಂಗ್ಲೆಂಡಿನಲ್ಲಿ ಸೆರೆಯಿದ್ದು, ಕವಿತೆಗಳನ್ನು ಬರೆದು, 1440 ರಲ್ಲಿ ಊರಿಗೆ ಮರಳಿದನು. ಮುಂದಿನ ಸಭೆಯಲ್ಲಿ ನಮ್ಮ ಉಪನ್ಯಾಸಕರು ದಯಮಾಡಿ ಈ ಒಬ್ಬನನ್ನು ಬಾಳೆಯೆಲೆಯ ಕಥೆಯೊಳಗೆ ಎಲ್ಲಿ ಕೂರಿಸುವರೆಂದು ಹೇಳಲಿ. ನಾನು ಈ ಸಲ ಮುಂದಿನ ಸಾಲಿನಲ್ಲಿ ಕುಳಿತಿರುತ್ತೇನೆ.