ಪೀಠದ ಕೆಳಗೊಂದು ‘ಮ’

ಕ್ರಿಕೆಟ್ ಪಂದ್ಯ ಮುಗಿದ ಮರುದಿನ ಪತ್ರಿಕೆ ತೆರೆದರೆ ಅಲ್ಲೊಬ್ಬ ‘ಗೆಲುವಿನ ರೂವಾರಿ’ ಇರುತ್ತಾನೆ. ರಾಜಕೀಯದ ಪುಟದಲ್ಲಿ ‘ಮೈತ್ರಿಯ ರೂವಾರಿ’, ಜಿಲ್ಲಾ ಪುಟದಲ್ಲಿ ‘ಕುಡಿಯುವ ನೀರಿನ ಯೋಜನೆಯ ರೂವಾರಿ’. ತಲೆಬರಹಕ್ಕೆ ಹೇಳಿ ಮಾಡಿಸಿದ ಪದ. ಮೂರೇ ಅಕ್ಷರ, ಕಾಲಮ್ಮಿನ ಅಳತೆಗೆ ಸರಿಯಾಗಿ ಕೂರುತ್ತದೆ. ಉಪಸಂಪಾದಕನಾಗಿದ್ದ ದಿನಗಳಲ್ಲಿ ನಾನೂ ಬೇಕಾದಷ್ಟು ಬಳಸಿದ್ದೇನೆ. ರೂವಾರಿ ಎಂದರೆ ಮೂಲದಲ್ಲಿ ಕಲ್ಲಿನಲ್ಲಿ ರೂಪು ಕಡೆಯುವವನು ಎಂದು ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ಲಕ್ಷ್ಯಕ್ಕೆ ಬಂದಿರಲಿಲ್ಲ. ಕಳೆದ ತಿಂಗಳು ಸೋಮನಾಥಪುರದಲ್ಲಿ ಮೊಣಕಾಲೂರಿ ಕೂತಾಗ ಬಂತು.

ಕೇಶವ ದೇವಾಲಯಕ್ಕೆ ನಾನು ಹೋದದ್ದು ಇದು ನಾಲ್ಕನೆಯ ಸಲ. ಹಿಂದಿನ ಮೂರು ಸಲವೂ ಎಲ್ಲರಂತೆ ತಲೆಯೆತ್ತಿಕೊಂಡೇ ತಿರುಗಿದ್ದೆ. ನವರಂಗದ ಮೇಲ್ಛಾವಣಿಯಲ್ಲಿ ಬಾಳೆಹೂವು ಒಂದು ಅಂಕಣದಲ್ಲಿ ಬಿಗಿದ ಮೊಗ್ಗು, ಇನ್ನೊಂದರಲ್ಲಿ ಎಸಳು ಬಿಚ್ಚುತ್ತಿರುವುದು, ಮತ್ತೊಂದರಲ್ಲಿ ಪೂರ್ತಿ ಅರಳಿದ್ದು. ನೋಡಿ ಕತ್ತು ನೋಯಿಸಿಕೊಂಡದ್ದು ನೆನಪಿದೆ. ಈ ಸಲ ಜೊತೆಗೆ ಶಾಸನ ಓದಬಲ್ಲ ಗೆಳೆಯನಿದ್ದ, ಸಾಗರದ ಕಡೆಯವನು. ಜಗತಿ ಹತ್ತಿ ಪ್ರದಕ್ಷಿಣೆ ಶುರುವಾಗುತ್ತಲೇ ತಡೆದ. “ಮೇಲೆ ಆಮೇಲೆ ನೋಡು ಮಾರಾಯ. ಮೊದಲು ಪೀಠ ನೋಡು.”

ನಾಲ್ಕು ಗಂಟೆ ದಾಟಿತ್ತು. ಬರಿಗಾಲಿಗೆ ಕಲ್ಲು ಇನ್ನೂ ಸುಡುತ್ತಿತ್ತು, ಆದರೆ ಬಿಸಿಲು ಓರೆಯಾಗಿತ್ತು. ಗೋಡೆಯಲ್ಲಿ ಸಾಲಾಗಿ ನಿಂತ ದೇವರ ಕಾಲ ಕೆಳಗೆ, ಪೀಠದ ಅಂಚಿನಲ್ಲಿ ಏನೋ ಗೀರಿದಂತೆ ಕಂಡಿತು. ನೇರವಾಗಿ ನೋಡಿದರೆ ಬರೀ ಕಲ್ಲು. ಪಕ್ಕಕ್ಕೆ ಸರಿದು ಬಗ್ಗಿದರೆ ಗೀರಿನೊಳಗೆ ನೆರಳು ಕೂತು ಅಕ್ಷರ ಮೂಡುತ್ತದೆ: ಮಲ್ಲಿತಂಮ. ಇನ್ನೊಂದು ಕಡೆ ‘ಮಲ್ಲಿ’ ಅಷ್ಟೇ. ಮತ್ತೊಂದು ಕಡೆ ಬರೀ ‘ಮ’. ಮೇಲೆ ಕಿರೀಟದ ಮಣಿಗಳನ್ನು, ಹಾರದ ಎಳೆಗಳನ್ನು, ಬೆರಳಿನ ಉಂಗುರವನ್ನು ಒಂದೂ ಬಿಡದೆ ಕಡೆದ ಕೈ ತನ್ನ ಹೆಸರಿಗೆ ಬಂದಾಗ ಒಂದೇ ಅಕ್ಷರಕ್ಕೆ ಮುಗಿಸಿ ಎದ್ದು ಹೋಗಿದೆ. ನಮ್ಮ ಕಚೇರಿಗಳಲ್ಲಿ ಹಾಜರಿ ಪುಸ್ತಕಕ್ಕೆ ಹಾಕುವ ಚಿಕ್ಕ ರುಜುವಿನ ಹಾಗೆ.

ಮಲ್ಲಿತಮ್ಮ ಎಂದೊಡನೆ ಹೆಂಗಸೇ ಎಂದು ಕೇಳುವವರಿದ್ದಾರೆ. ಅಮ್ಮನಲ್ಲ, ತಮ್ಮ. ಈ ಗುಡಿಯಲ್ಲಿ 40ರಷ್ಟು ವಿಗ್ರಹಗಳ ಕೆಳಗೆ ಅವನ ಗುರುತಿದೆ. ಅವನೊಬ್ಬನೇ ಅಲ್ಲ, ಬಾಲೆಯ, ಚೌಡೆಯ, ಬಾಮಯ, ನಂಜಯ, ಮಸಣಿತಮ್ಮ ಇವರೂ ಇದ್ದಾರೆ. ಜೋರಾಗಿ ಓದಿ ನೋಡಿ. ನಮ್ಮ ಹಳೆಯ ಪಡಿತರ ಚೀಟಿಗಳಲ್ಲಿ ಕಾಣುತ್ತಿದ್ದ ಹೆಸರುಗಳಲ್ಲವೇ ಇವು? ಹೊಯ್ಸಳರ ಕಾಲ ಎಂದರೆ ನನ್ನ ಮನಸ್ಸಿಗೆ ಬರುತ್ತಿದ್ದುದು ದೊರೆಗಳ, ದಂಡನಾಯಕರ ಬಿರುದುಗಳು. ಬಾಗಿಲ ಬಳಿಯ ಎತ್ತರದ ಶಾಸನಕಲ್ಲು ಇರುವುದೂ ಅದಕ್ಕೇ. ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ ಅಗ್ರಹಾರ ಕಟ್ಟಿಸಿದ್ದು, 1268ರಲ್ಲಿ ಗುಡಿ ನಿಂತದ್ದು, ಕೊಟ್ಟ ದಾನದತ್ತಿ, ಎಲ್ಲವೂ ನಮಗೆ ತಿಳಿಯುವುದು ಇಂಥ ಶಾಸನಗಳಿಂದ. ದಂಡನಾಯಕನಿಗೆ ಆಳೆತ್ತರದ ಕಲ್ಲು, ಮಲ್ಲಿತಮ್ಮನಿಗೆ ಒಂದಂಗುಲ ಜಾಗ.

ಆ ಒಂದಂಗುಲವೂ ನಮ್ಮ ಕಣ್ಣಿಗೆ ಬಿದ್ದದ್ದು ತಡವಾಗಿ. ಮೈಸೂರು ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಆರ್. ನರಸಿಂಹಾಚಾರ್ಯರು 1917ರಲ್ಲಿ ಸೋಮನಾಥಪುರದ ಮೇಲೆ, 1919ರಲ್ಲಿ ಬೇಲೂರಿನ ಮೇಲೆ ಪುಸ್ತಕ ತಂದರು. ‘ಕವಿಚರಿತೆ’ ಬರೆದವರೂ ಅವರೇ. ತಾಳೆಗರಿ ಹುಡುಕಿ ಕವಿಗಳ ಹೆಸರು, ಕಾಲ ಗೊತ್ತುಮಾಡಿದ ಮನುಷ್ಯ ಗುಡಿಗೆ ಬಂದಾಗಲೂ ಮಾಡಿದ್ದು ಅದೇ ಕೆಲಸ: ಬಗ್ಗಿ ಹೆಸರು ಓದಿದರು, ಬರೆದುಕೊಂಡರು. ನಾವು ಪಠ್ಯಪುಸ್ತಕಕ್ಕೆ ಕವಿಚರಿತೆಯನ್ನು ತೆಗೆದುಕೊಂಡೆವು. ರೂವಾರಿಗಳ ಪಟ್ಟಿಯನ್ನು ವಿದ್ವಾಂಸರಿಗೆ ಬಿಟ್ಟೆವು.

ಮಲ್ಲಿತಮ್ಮನ ಬಗ್ಗೆ ನನ್ನನ್ನು ಇನ್ನೂ ಕಾಡುತ್ತಿರುವುದು ಒಂದು ಲೆಕ್ಕ. ತರೀಕೆರೆ ತಾಲ್ಲೂಕಿನ ಅಮೃತಾಪುರದ ಗುಡಿ 1196ರದ್ದು. ಅಲ್ಲಿ ಅವನ ಹೆಸರು ಬರುತ್ತದೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯದು 1246ರದ್ದು; ಅಲ್ಲಿ ಉತ್ತರದ ಗೋಡೆ ಮಲ್ಲಿತಮ್ಮನದು, ದಕ್ಷಿಣದ ಗೋಡೆ ನಂದಿಯ ಬೈಚೋಜನದು. ಕೊನೆಗೆ ಸೋಮನಾಥಪುರ, 1268. ಮೊದಲಿಂದ ಕೊನೆಗೆ 72 ವರ್ಷ! ಹದಿನೈದರ ಹುಡುಗನಾಗಿ ಅಮೃತಾಪುರದಲ್ಲಿ ಉಳಿ ಹಿಡಿದಿದ್ದರೂ ಕೊನೆಯ ಹೊತ್ತಿಗೆ ಎಂಬತ್ತೇಳು. ಅವನ ದುಡಿಮೆ ಅರವತ್ತಕ್ಕೂ ಹೆಚ್ಚು ವರ್ಷದ್ದು ಎಂದು ಬರೆದವರಿದ್ದಾರೆ. ನನಗೇಕೋ ಅನುಮಾನ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಾಡು ಇದು. ಗೆಳೆಯನನ್ನು ಕೇಳಿದೆ. “ಒಬ್ಬನೋ ಇಬ್ಬರೋ, ಕಲ್ಲಿಗೆ ಸಾಕ್ಷಿ ಹೇಳಿಸುವುದು ಹೇಗೆ? ಆದರೆ ಇದು ಬಳಪದ ಕಲ್ಲು ನೋಡು” ಅಂದ. ಗಣಿಯಿಂದ ತೆಗೆದಾಗ ಮೆತ್ತಗೆ, ಗಾಳಿ ಬಿಸಿಲಿಗೆ ಬಂದಮೇಲೆ ಗಟ್ಟಿ. ಮುದುಕನ ಕೈಗೂ ಬಗ್ಗುವ ಕಲ್ಲು ಎಂಬುದು ಅವನ ಮಾತಿನ ಇಂಗಿತ. ನಾನು ಒಪ್ಪಲಿಲ್ಲ. ವಾದ ಮೈಸೂರಿನವರೆಗೂ ನಡೆಯಿತು.

ಇಷ್ಟೆಲ್ಲ ಹೆಸರುಗಳು ಕಲ್ಲಿನ ಮೇಲೇ ಇದ್ದರೂ ನಾಡಿನ ಬಾಯಲ್ಲಿ ಉಳಿದದ್ದು ಒಂದೇ: ಜಕಣಾಚಾರಿ. ಬೇಲೂರಿನ ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎಂದ ಅಪರಿಚಿತ ಹುಡುಗ, ಮೈಗೆಲ್ಲ ಗಂಧ ಬಳಿದಾಗ ಹೊಕ್ಕುಳ ಬಳಿ ಆರದೆ ಉಳಿದ ಜಾಗ, ಉಳಿಯ ಏಟಿಗೆ ಹಾರಿಬಂದ ಕಪ್ಪೆ, ಬಲಗೈ ಕತ್ತರಿಸಿಕೊಂಡ ತಂದೆ, ಆ ಹುಡುಗ ಡಂಕಣ ತನ್ನ ಮಗನೇ ಎಂದು ತಿಳಿಯುವುದು, ಕೈದಾಳದಲ್ಲಿ ಕೈ ಮರಳಿ ಬರುವುದು. ಯಾರಿಗೆ ಗೊತ್ತಿಲ್ಲ? 1964ರ ‘ಅಮರಶಿಲ್ಪಿ ಜಕಣಾಚಾರಿ’ ಸಿನಿಮಾ ಬಂದು ಕಲ್ಯಾಣ್‌ಕುಮಾರರ ಮುಖವೂ ಆ ಹೆಸರಿಗೆ ಅಂಟಿಕೊಂಡಿತು. ಕಥೆ ಚೆನ್ನಾಗಿದೆ, ಅದನ್ನು ಸುಳ್ಳೆಂದು ಸಾಧಿಸಲು ನನಗೆ ಆಸೆಯಿಲ್ಲ. ಆದರೆ ಬೇಲೂರಿನ ಕಲ್ಲಿನ ಮೇಲಿರುವ ಹೆಸರು ಬಳ್ಳಿಗಾವೆಯ ದಾಸೋಜನದು, ಅವನ ಮಗ ಚಾವಣನದು. ಕಥೆಯೂ ತಂದೆ ಮಗನದೇ, ಶಾಸನವೂ ತಂದೆ ಮಗನದೇ! ಇವತ್ತಿನ ಶಿಕಾರಿಪುರ ತಾಲ್ಲೂಕಿನಿಂದ ಗಾಡಿ ಕಟ್ಟಿಕೊಂಡು ಬೇಲೂರಿಗೆ ಬಂದ ಈ ಅಪ್ಪ ಮಗನನ್ನು ಬಿಟ್ಟು ನಾವು ಕಪ್ಪೆಯನ್ನು ನೆನಪಿಟ್ಟುಕೊಂಡೆವು. ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಹೊಯ್ಸಳರ ಹೆಸರಿನಲ್ಲಿಯೇ, ಸಹಜವಾಗಿ.

ರೂವಾರಿಗಳು ಹೆಸರು ಬರೆದದ್ದು ಯಾಕೆ? ಕೂಲಿಯ ಲೆಕ್ಕಕ್ಕೆ ಎನ್ನುವವರಿದ್ದಾರೆ. ಯಾವ ಬೊಂಬೆ ಯಾರದ್ದೆಂದು ಗೊತ್ತಾಗಬೇಕಲ್ಲ. ಹೆಮ್ಮೆಗೆ ಎನ್ನುವವರೂ ಇದ್ದಾರೆ. ಎರಡಕ್ಕೂ ಜಗಳವಿಲ್ಲ ಎಂದು ನನ್ನ ಎಣಿಕೆ. ಬರೆದು ಬದುಕುವವರು ಚೆಕ್ಕನ್ನೂ ಕೇಳುತ್ತಾರೆ, ಹೆಸರನ್ನೂ ಕೇಳುತ್ತಾರೆ, ಕೇಳಬೇಕು ಕೂಡ.

ಇಲ್ಲಿಗೆ ಬಂದಾಗ ನಮ್ಮ ಮನೆಯ ವಿಚಾರವನ್ನೂ ಹೇಳಿಬಿಡುತ್ತೇನೆ. ಹೋದ ವಿಶೇಷಾಂಕದಲ್ಲಿ ಏಳು ಕಥೆಗಳಿಗೆ ಚಿತ್ರ ಬರೆದ ಕಲಾವಿದೆಯ ಹೆಸರು ಎಲ್ಲಿಯೂ ಅಚ್ಚಾಗಲಿಲ್ಲ. ಪುಟ ಕಟ್ಟುವಾಗ ಜಾಹೀರಾತೊಂದು ಉದ್ದವಾಯಿತು, ಒಂದು ಸಾಲು ಹಾರಿತು. ಹಾರಿದ್ದು ಆ ಸಾಲೇ. ಆಕೆ ಫೋನ್ ಮಾಡಿ ಜಗಳವಾಡಲಿಲ್ಲ. “ಸರ್, ಒಂದು ಪ್ರತಿ ಹೆಚ್ಚಿಗೆ ಕಳಿಸ್ತೀರಾ, ಅಮ್ಮನಿಗೆ ತೋರಿಸಬೇಕು” ಅಂದರು. ಅಮ್ಮನಿಗೆ ಏನನ್ನು ತೋರಿಸುತ್ತಾರೆ? ಚಿತ್ರದ ಮೂಲೆಯಲ್ಲಿ ಅವರೇ ಹಾಕಿದ್ದ ಎರಡಕ್ಷರದ ಗುರುತನ್ನೂ ನಮ್ಮವರು ಅಂಚು ಕತ್ತರಿಸುವಾಗ ಕತ್ತರಿಸಿದ್ದರು. ಸೋಮನಾಥಪುರದ ಜಗತಿಯ ಮೇಲೆ ಆ ಮಾತು ನೆನಪಾಗಿ ಮುಖ ಬಿಸಿಯಾಯಿತು, ಬಿಸಿಲಿನಿಂದಲ್ಲ.

ಈ ಸಂಚಿಕೆಯ ಮೂರನೆಯ ಪುಟದ ಕೆಳಗೆ ಚಿತ್ರ ಬರೆದವರ, ಕರಡು ತಿದ್ದಿದವರ, ಪುಟ ಕಟ್ಟಿದವರ ಹೆಸರುಗಳಿವೆ. ಹೋದ ಸಂಚಿಕೆಯವೂ ಇವೆ. ಮುಂದಿನ ತಿಂಗಳುಗಳಲ್ಲೂ ಇರುತ್ತವೆ. ಜಾಹೀರಾತು ಉದ್ದವಾದರೆ ನನ್ನ ಈ ಮಾತು ಗಿಡ್ಡವಾಗುತ್ತದೆ.

ಓದುಗರಲ್ಲಿ ಒಂದು ಕೋರಿಕೆ. ಹೆಸರು ಕೊರೆದ ಕಲ್ಲುಗಳು ಹೆಸರಾದ ಗುಡಿಗಳಲ್ಲಷ್ಟೇ ಇಲ್ಲ. ಜೀರ್ಣೋದ್ಧಾರದ ಉತ್ಸಾಹದಲ್ಲಿ ಊರೂರ ಗುಡಿಗಳ ಗೋಡೆಗೆ ಎನಾಮಲ್ ಬಣ್ಣ ಬೀಳುತ್ತಿದೆ, ಬುಡಕ್ಕೆ ಟೈಲ್ಸ್ ಕೂರುತ್ತಿದೆ. ಅಕ್ಷರ ಇರುವುದು ಬುಡದಲ್ಲೇ. ನಿಮ್ಮೂರ ಹಳೆಯ ಗುಡಿಯಲ್ಲಿ ವಿಗ್ರಹದ ಪೀಠದ ಮೇಲೋ ಕಂಬದ ಬುಡದಲ್ಲೋ ಅಂಥದ್ದು ಕಂಡರೆ ಫೋಟೊ ತೆಗೆದು, ಊರು, ತಾಲ್ಲೂಕು ಬರೆದು ಕಳಿಸಿ. ಓದಿಸಿ ಪ್ರಕಟಿಸುವ ಹೊಣೆ ನಮ್ಮದು. ಅಕ್ಷರ ಎದ್ದು ಕಾಣಲೆಂದು ಸುಣ್ಣ, ಹಿಟ್ಟು, ಎಣ್ಣೆ ಯಾವುದನ್ನೂ ತಿಕ್ಕಬೇಡಿ. ಸಂಜೆ ನಾಲ್ಕರ ಮೇಲೆ ಹೋಗಿ. ಗೋಡೆಗೆ ಬಿಸಿಲು ಬೀಳದಿದ್ದರೆ ಮೊಬೈಲಿನ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ.