ಚಿತ್ರವೂ ದುಡಿಮೆಯ ಫಲವೇ

ವಾಶಿಯ ಕನ್ನಡಿಗ ತರುಣರಲ್ಲಿ ಛಾಯಾಚಿತ್ರದ ಹವ್ಯಾಸ ಬಲವಾಗಿ ಬೆಳೆದಿರುವುದನ್ನು ನಾವು ಕಾಣುತ್ತಿದ್ದೇವೆ. ಹೋಟೆಲಿನಲ್ಲಿ ದುಡಿಯುವವನು, ಕಾರಖಾನೆಯ ಪಾಳಿ ಮುಗಿಸಿ ಬಂದವನು, ಕಛೇರಿಯ ಗುಮಾಸ್ತ, ಸ್ಟುಡಿಯೋದ ಸಹಾಯಕ, ಎಲ್ಲರ ಕೈಯಲ್ಲಿಯೂ ಇಂದು ಕೆಮರಾ ಇದೆ. ಕೆಮರಾ ಇಲ್ಲದವರ ಕೈಯಲ್ಲಿ ಮೊಬೈಲ್ ಇದೆ. ತೆಗೆಯಲು ವಿಷಯಕ್ಕೂ ಕೊರತೆಯಿಲ್ಲ. ಠಾಣೆ ಖಾಡಿಯಲ್ಲಿ ಫ್ಲೆಮಿಂಗೊ ಹಕ್ಕಿಗಳು ಬಂದಿಳಿಯುತ್ತವೆ. 2015ರಲ್ಲಿ ಅಲ್ಲಿ ಅಭಯಾರಣ್ಯವಾಯಿತು, 2022ರಲ್ಲಿ ರಾಮ್ಸಾರ್ ಪಟ್ಟಿಗೂ ಆ ಸ್ಥಳ ಸೇರಿತು. ತುರ್ಭೆಯ ಸಗಟು ಮಾರುಕಟ್ಟೆಯಲ್ಲಿ ನಸುಕಿನಲ್ಲಿಯೇ ಹಮಾಲರು ಲಾರಿ ಇಳಿಸುತ್ತಾರೆ. ಖಾಡಿಯ ಸೇತುವೆಯ ಮೇಲೆ ಲೋಕಲ್ ಗಾಡಿ ಓಡುತ್ತದೆ.

ಈ ಚಿತ್ರಗಳು ಮನೆಯಲ್ಲಿಯೇ ಉಳಿಯದೆ ಸ್ಪರ್ಧೆಗಳಿಗೂ ಚಿತ್ರ ಮಾರುವ ಏಜೆನ್ಸಿಗಳಿಗೂ ಹೋಗುತ್ತಿವೆ. ಇದು ಸಂತೋಷದ ವಿಷಯ. ಆದರೆ ಕೂಲಿಯ ಕರಾರನ್ನು ಓದದೆ ಯಾರೂ ರುಜು ಹಾಕಬಾರದೆಂಬುದು ಕಾರ್ಮಿಕ ಸಂಘಗಳ ಮೊದಲ ಪಾಠ. ಆ ಪಾಠ ಕೆಮರಾ ಹಿಡಿದವನಿಗೂ ಅನ್ವಯಿಸುತ್ತದೆಂದು ನಮ್ಮ ತರುಣರಲ್ಲಿ ಅನೇಕರಿಗೆ ತೋರಿಲ್ಲ. ಅದನ್ನು ಹೇಳುವುದಕ್ಕಾಗಿಯೇ ಈ ಲೇಖನ.

ಸ್ಪರ್ಧೆಯ ಪ್ರಕಟಣೆಯಲ್ಲಿ ಬಹುಮಾನದ ಮೊತ್ತ ದೊಡ್ಡ ಅಕ್ಷರಗಳಲ್ಲಿರುತ್ತದೆ, ಷರತ್ತುಗಳು ಸಣ್ಣ ಅಕ್ಷರಗಳಲ್ಲಿ. ಅವುಗಳಲ್ಲಿ ಒಂದು ಷರತ್ತನ್ನು ವಾಚಕರು ವಿಶೇಷವಾಗಿ ಹುಡುಕಬೇಕು. ಬಹುಮಾನ ಬಂದ ಚಿತ್ರಗಳನ್ನಷ್ಟೇ ಅಲ್ಲ, ಬಂದ ಎಲ್ಲ ಚಿತ್ರಗಳನ್ನೂ ಸಂಘಟಕರು ಶಾಶ್ವತವಾಗಿ, ಯಾವ ಕೆಲಸಕ್ಕಾದರೂ, ಹಣ ಕೊಡದೆ ಬಳಸಬಹುದು ಎಂಬುದೇ ಆ ಷರತ್ತು. ಇದರ ಅರ್ಥವನ್ನು ನಮ್ಮ ಭಾಷೆಯಲ್ಲಿ ಹೇಳುವುದಾದರೆ ಹೀಗೆ: ಗುತ್ತಿಗೆದಾರನೊಬ್ಬ ನೂರು ಜನರನ್ನು ಕರೆದು, ಎಲ್ಲರಿಂದಲೂ ಒಂದು ದಿನ ಕೆಲಸ ಮಾಡಿಸಿ, ಸಂಜೆ ಒಬ್ಬನಿಗೆ ಶಾಲು ಹೊದಿಸಿ ಕೂಲಿ ಕೊಟ್ಟು, ತೊಂಬತ್ತೊಂಬತ್ತು ಜನರನ್ನು ಕೈ ಬೀಸಿ ಕಳುಹಿಸಿದಂತೆ. ಕಟ್ಟಿದ ಗೋಡೆ ಮಾತ್ರ ಅವನದೇ! ಇಂಥ ಸ್ಪರ್ಧೆಯಿಂದ ಜಾಹೀರಾತಿಗೆ ಬೇಕಾದ ಸಾವಿರಾರು ಚಿತ್ರಗಳು ಒಂದು ಬಹುಮಾನದ ಖರ್ಚಿನಲ್ಲಿ ದೊರೆಯುತ್ತವೆ. ಮೇಲೆ ಪ್ರವೇಶಧನವನ್ನೂ ಕಟ್ಟಿಸಿಕೊಂಡರೆ ಆ ಖರ್ಚನ್ನೂ ನಾವೇ ಹೊತ್ತಂತಾಯಿತು.

ಎಲ್ಲ ಸ್ಪರ್ಧೆಗಳೂ ಹೀಗೆಯೇ ಎಂದು ನಾವು ಹೇಳುತ್ತಿಲ್ಲ. ಬಹುಮಾನಿತ ಚಿತ್ರವನ್ನು ಪ್ರದರ್ಶನದಲ್ಲಿ ಮತ್ತು ಸ್ಪರ್ಧೆಯ ಪ್ರಚಾರದಲ್ಲಿ ಮಾತ್ರ, ತೆಗೆದವನ ಹೆಸರಿನೊಂದಿಗೆ ಬಳಸುತ್ತೇವೆಂದು ಸ್ಪಷ್ಟವಾಗಿ ಬರೆಯುವ ಸಂಸ್ಥೆಗಳೂ ಉಂಟು. ಅಂಥಲ್ಲಿಗೆ ಧಾರಾಳವಾಗಿ ಕಳುಹಿಸಿರಿ. ಬಳಸಲು ಅನುಮತಿ ಕೊಡುವುದು ಬೇರೆ, ಹಕ್ಕನ್ನೇ ಬರೆದುಕೊಡುವುದು ಬೇರೆ. ಮನೆಯನ್ನು ಬಾಡಿಗೆಗೆ ಕೊಡುವುದಕ್ಕೂ ಕ್ರಯಕ್ಕೆ ಕೊಡುವುದಕ್ಕೂ ಇರುವಷ್ಟೇ ಅಂತರ ಇಲ್ಲಿಯೂ ಇದೆ.

ಈ ವಿಷಯದಲ್ಲಿ ಕಾಯಿದೆ ನಮ್ಮ ಪಕ್ಷದಲ್ಲಿಲ್ಲವೆಂದು ತಿಳಿಯಬಾರದು. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಚಿತ್ರ ತೆಗೆದವನೇ ಸಾಮಾನ್ಯವಾಗಿ ಅದರ ಮೊದಲ ಒಡೆಯ. ಛಾಯಾಚಿತ್ರದ ಹಕ್ಕು ಮೊದಲು ಪ್ರಕಟಣೆಯಿಂದ 60 ವರ್ಷಗಳ ವರೆಗೆ ಇತ್ತು. 2012ರ ತಿದ್ದುಪಡಿಯ ಬಳಿಕ ಅದು ತೆಗೆದವನ ಜೀವಮಾನವಿಡೀ ಇದ್ದು, ಅವನ ತರುವಾಯ 60 ವರ್ಷ ವಾರಸುದಾರರಿಗೆ ಉಳಿಯುತ್ತದೆ. ಹಕ್ಕನ್ನು ಇನ್ನೊಬ್ಬರಿಗೆ ವರ್ಗಾಯಿಸಬೇಕಾದರೆ ಅದು ಬರಹದಲ್ಲಿರಬೇಕು, ಕೊಡುವವನ ರುಜು ಇರಬೇಕು. ಅವಧಿಯನ್ನು ಬರೆಯದಿದ್ದರೆ ಐದು ವರ್ಷವೆಂದೂ, ಪ್ರದೇಶವನ್ನು ಬರೆಯದಿದ್ದರೆ ಭಾರತದೊಳಗೆ ಮಾತ್ರವೆಂದೂ ಕಾಯಿದೆ ಹೇಳುತ್ತದೆ. ಆದರೆ ಈ ರಕ್ಷಣೆ ಕರಾರು ಮೌನವಾಗಿರುವಲ್ಲಿ ಮಾತ್ರ. ‘ಶಾಶ್ವತವಾಗಿ, ಪ್ರಪಂಚದಾದ್ಯಂತ’ ಎಂದು ಬರೆದ ಕಾಗದಕ್ಕೆ ನಾವೇ ಒಪ್ಪಿಗೆ ಕೊಟ್ಟ ಮೇಲೆ ಈ ಐದು ವರ್ಷದ ಮಾತು ನೆರವಿಗೆ ಬಾರದು.

ಅದೇ ಕಾಯಿದೆಯ ಇನ್ನೊಂದು ಮಾತನ್ನು ಸ್ಟುಡಿಯೋಗಳಲ್ಲಿ ದುಡಿಯುವ ತಮ್ಮಂದಿರು ನೆನಪಿಡಬೇಕು. ಸಂಬಳದ ನೌಕರನಾಗಿ ತೆಗೆದ ಚಿತ್ರದ ಮೊದಲ ಒಡೆಯ, ಬೇರೆ ಕರಾರಿಲ್ಲದಿದ್ದರೆ, ಮಾಲಿಕನು. ಹಣ ಪಡೆದು ತೆಗೆದ ಮದುವೆಯ ಚಿತ್ರದ ಒಡೆಯ ಹಣ ಕೊಟ್ಟು ತೆಗೆಸಿದವನು. ಅಂಥ ಚಿತ್ರಗಳನ್ನು ನಿಮ್ಮ ಸಂಪುಟದಲ್ಲಿ ಸೇರಿಸಿ ಕಳುಹಿಸುವ ಮುನ್ನ ಅವರ ಒಪ್ಪಿಗೆ ಪಡೆಯಿರಿ, ಬರಹದಲ್ಲಿಯೇ ಪಡೆಯಿರಿ.

ಇನ್ನು ಏಜೆನ್ಸಿಗಳ ಮಾತು. ಇಲ್ಲಿ ಬಹುಮಾನವಿಲ್ಲ, ಮಾರಾಟದಲ್ಲಿ ಪಾಲು. ಆ ಪಾಲೆಷ್ಟೆಂಬುದನ್ನು ಮೊದಲು ಕೇಳಬೇಕು. ಷಟರ್‌ಸ್ಟಾಕ್ ಎಂಬ ದೊಡ್ಡ ಸಂಸ್ಥೆ 2020ರಲ್ಲಿ ಜಾರಿಗೆ ತಂದ ದರದಲ್ಲಿ ಚಿತ್ರ ತೆಗೆದವನ ಪಾಲು ಶೇಕಡ 15ರಿಂದ ಆರಂಭವಾಗಿ, ಮಾರಾಟ ಹೆಚ್ಚಿದಂತೆ 40ರ ವರೆಗೆ ಏರುತ್ತಿತ್ತು. ಆದರೆ ಜನವರಿ ಬಂದೊಡನೆ ಎಲ್ಲರೂ ಮತ್ತೆ ಕೆಳಗಿನ ಮೆಟ್ಟಿಲಿಗೇ ಇಳಿಯಬೇಕು. ಹತ್ತು ವರ್ಷ ದುಡಿದವನನ್ನು ಪ್ರತಿ ಹೊಸ ವರ್ಷ ಹೊಸ ಉಮೇದುವಾರನೆಂದು ಎಣಿಸುವ ಕಾರಖಾನೆಯನ್ನು ನಮ್ಮಲ್ಲಿ ಯಾರಾದರೂ ಒಪ್ಪುತ್ತಾರೆಯೆ? ಆದರೂ ಚಿತ್ರಗ್ರಾಹಕರು ಒಪ್ಪುತ್ತಾರೆ. ಏಕೆಂದರೆ ಅವರು ಒಬ್ಬೊಬ್ಬರಾಗಿ ಕಳುಹಿಸುತ್ತಾರೆ, ಒಬ್ಬೊಬ್ಬರಾಗಿಯೇ ಚೌಕಾಶಿಗೆ ನಿಲ್ಲುತ್ತಾರೆ.

ಒಬ್ಬೊಬ್ಬರಾಗಿ ನಿಂತವರ ಗತಿಯನ್ನು ತಿಳಿಯಲು ತುರ್ಭೆಯ ಮಾರುಕಟ್ಟೆಗಿಂತ ಬೇರೆ ಪಾಠಶಾಲೆ ಬೇಕಿಲ್ಲ. ಹೊರೆ ಹೊರುವವನಿಗೆ ಒಂದು ಕಾಲದಲ್ಲಿ ಗೊತ್ತಾದ ಮಾಲಿಕನೂ ಇರಲಿಲ್ಲ, ಗೊತ್ತಾದ ದರವೂ ಇರಲಿಲ್ಲ. ಅವರು ಒಗ್ಗಟ್ಟಾಗಿ ಹೋರಾಡಿದ ಮೇಲೆ 1969ರಲ್ಲಿ ಮಹಾರಾಷ್ಟ್ರದ ಮಾಥಾಡಿ ಕಾಯಿದೆ ಬಂದಿತು; ಮಂಡಳಿಯ ಮೂಲಕ ನೋಂದಣಿ, ಮಂಡಳಿಯ ಮೂಲಕ ಕೂಲಿ ಎಂಬ ವ್ಯವಸ್ಥೆಯಾಯಿತು. ಚಿತ್ರ ಕಳುಹಿಸುವ ನಮ್ಮ ತರುಣನು ಇಂದು 1969ಕ್ಕೆ ಹಿಂದಿನ ಹಮಾಲನ ಸ್ಥಿತಿಯಲ್ಲಿದ್ದಾನೆಂದರೆ ಅತಿಶಯೋಕ್ತಿಯಾಗದು.

ಛಾಯಾಗ್ರಾಹಕರಿಗೂ ಒಗ್ಗಟ್ಟು ಹೊಸದಲ್ಲ. 1947ರಲ್ಲಿ ರಾಬರ್ಟ್ ಕಾಪಾ, ಆನ್ರಿ ಕಾರ್ತಿಯೆ ಬ್ರೆಸಾಂ ಮೊದಲಾದವರು ಕೂಡಿ ಮ್ಯಾಗ್ನಮ್ ಎಂಬ ಏಜೆನ್ಸಿಯನ್ನು ಕಟ್ಟಿದರು. ಅದು ಛಾಯಾಗ್ರಾಹಕರೇ ಒಡೆಯರಾಗಿರುವ ಸಹಕಾರಿ ಸಂಸ್ಥೆ. ಪತ್ರಿಕೆಯವರು ಚಿತ್ರವನ್ನು ಬಳಸಲಿ, ಹಕ್ಕು ಮಾತ್ರ ತೆಗೆದವನಲ್ಲಿಯೇ ಇರಲಿ ಎಂಬುದೇ ಅದರ ಮೂಲತತ್ತ್ವ.

‘ಹಕ್ಕು ಹೋದರೆ ಹೋಗಲಿ, ನಮ್ಮಂಥವರಿಗೆ ಹೆಸರು ಬಂದರೆ ಸಾಕು’ ಎಂದು ಕೆಲವರು ಹೇಳಬಹುದು. ಹೆಸರಿನ ಆಸೆ ತಪ್ಪಲ್ಲ. ಆದರೆ ಹಕ್ಕು ಬಿಟ್ಟಲ್ಲಿ ಹೆಸರೂ ಉಳಿಯುವ ಭರವಸೆಯಿಲ್ಲ. ಷರತ್ತಿನಲ್ಲಿ ಹೆಸರು ಹಾಕುವ ಮಾತೇ ಇರದಿದ್ದರೆ ಆ ಚಿತ್ರ ಯಾರದೆಂದು ಊರಿಗೆ ತಿಳಿಯುವುದಾದರೂ ಹೇಗೆ? ನಮ್ಮ ಮುಂಬಯಿಯಲ್ಲಿಯೇ ಕಲಿತ ಹೋಮಾಯಿ ವ್ಯಾರಾವಾಲಾ ಅವರ ಮೊದಮೊದಲಿನ ಚಿತ್ರಗಳು ಅವರ ಪತಿಯ ಹೆಸರಿನಲ್ಲಿ ಅಚ್ಚಾಗುತ್ತಿದ್ದವು. ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿಯೆಂದು ಅವರನ್ನು ದೇಶ ಗುರುತಿಸಿತು. ಪದ್ಮವಿಭೂಷಣ ಬಂದದ್ದು 2011ರಲ್ಲಿ, ತೊಂಬತ್ತು ದಾಟಿದ ಮೇಲೆ. ನಮ್ಮ ಮೈಸೂರಿನ ಟಿ. ಎಸ್. ಸತ್ಯನ್ (1923–2009) ಸ್ವತಂತ್ರ ಛಾಯಾಗ್ರಾಹಕರಾಗಿ ‘ಲೈಫ್’, ‘ಟೈಮ್’ ಪತ್ರಿಕೆಗಳ ವರೆಗೆ ತಮ್ಮ ಚಿತ್ರಗಳನ್ನು ಮುಟ್ಟಿಸಿದರು. 1977ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಸಾಮಾನ್ಯ ಜನರನ್ನೂ ಮಕ್ಕಳನ್ನೂ ಕುರಿತ ಅವರ ಚಿತ್ರಗಳ ಬಳಿ ಅವರ ಹೆಸರು ಇತ್ತೆಂಬುದರಿಂದಲೇ ಕನ್ನಡಿಗರು ಇಂದು ‘ಇದು ಸತ್ಯನ್ ತೆಗೆದದ್ದು’ ಎಂದು ಹೆಮ್ಮೆಯಿಂದ ಹೇಳುತ್ತಾರೆ.

ಹಕ್ಕಿನ ಮಾತಾಡುವವನಿಗೆ ಹೊಣೆಯೂ ಉಂಟು. ಮೂವತ್ತು ಚಿತ್ರಗಳನ್ನು ಒಟ್ಟುಗೂಡಿಸಿ ಕಳುಹಿಸುವುದಕ್ಕಿಂತ ಒಂದೇ ವಿಷಯದ ಮೇಲೆ ಹತ್ತು ಒಳ್ಳೆಯ ಚಿತ್ರಗಳನ್ನು ಆರಿಸಿರಿ. ಯಾವಾಗ, ಎಲ್ಲಿ, ಯಾರು ಎಂಬುದನ್ನು ಪ್ರತಿಯೊಂದರ ಕೆಳಗೆ ಸರಿಯಾಗಿ ಬರೆಯಿರಿ. ಕೆಮರಾದಿಂದ ಬಂದ ಮೂಲ ಫೈಲನ್ನು ಅಳಿಸಬೇಡಿರಿ. ಅದನ್ನು ತೋರಿಸೆಂದು ಕೇಳುವ ಸ್ಪರ್ಧೆಗಳುಂಟು, ಚಿತ್ರ ನಿಮ್ಮದೆಂಬುದಕ್ಕೆ ಅದೇ ಸಾಕ್ಷಿ. ಯಂತ್ರವೇ ರಚಿಸಿದ ಚಿತ್ರವನ್ನು ಛಾಯಾಚಿತ್ರವೆಂದು ಕಳುಹಿಸಬೇಡಿರಿ. 2023ರಲ್ಲಿ ಜರ್ಮನಿಯ ಬೋರಿಸ್ ಎಲ್ಡಾಗ್ಸನ್ ಅಂಥದೊಂದು ಚಿತ್ರಕ್ಕೆ ಸೋನಿ ವಿಶ್ವ ಸ್ಪರ್ಧೆಯಲ್ಲಿ ಬಂದ ಬಹುಮಾನವನ್ನು, ಇದು ಛಾಯಾಚಿತ್ರವಲ್ಲವೆಂದು ತಾವೇ ಸಾರಿ, ನಿರಾಕರಿಸಿದರು.

ಎಲ್ಲಕ್ಕಿಂತ ಮುಖ್ಯವಾಗಿ, ಚಿತ್ರದೊಳಗಿನ ಮನುಷ್ಯನನ್ನು ಮರೆಯಬಾರದು. ಮೂಟೆ ಹೊತ್ತ ಹಮಾಲನ ಬೆವರು ಚಿತ್ರಕ್ಕೆ ಶೋಭೆ ಕೊಡಬಹುದು. ಆದರೆ ಆ ಬೆವರು ಅವನದು. ಅವನನ್ನು ಕೇಳಿ ತೆಗೆಯಿರಿ, ತೆಗೆದದ್ದನ್ನು ಅವನಿಗೆ ತೋರಿಸಿರಿ. ಜಾಹೀರಾತಿಗೆ ಚಿತ್ರ ಮಾರುವ ಏಜೆನ್ಸಿಗಳು ಗುರುತು ಸಿಗುವ ವ್ಯಕ್ತಿಯ ರುಜುವುಳ್ಳ ಒಪ್ಪಿಗೆಪತ್ರವನ್ನು ಕೇಳುತ್ತವೆ. ಆ ಕಾಗದವನ್ನು ಅವನ ಭಾಷೆಯಲ್ಲಿ ಓದಿ ಹೇಳಿ, ಅರ್ಥವಾದ ಮೇಲೆ ರುಜು ಪಡೆಯಿರಿ. ನಮಗೆ ಆಗಬಾರದೆಂದು ನಾವು ಬಯಸುವ ಅನ್ಯಾಯವನ್ನು ನಾವು ಇನ್ನೊಬ್ಬ ಶ್ರಮಿಕನಿಗೆ ಮಾಡಬಾರದಷ್ಟೆ.

ಕೊನೆಯದಾಗಿ ನಮ್ಮ ಸೂಚನೆ. ವಾಶಿ, ನೆರೂಳ್, ಠಾಣೆ, ಡೊಂಬಿವಲಿಯ ಕನ್ನಡ ಸಂಘಗಳು ತಿಂಗಳಿಗೊಂದು ಭಾನುವಾರ ಒಂದು ಮೇಜು ಹಾಕಲಿ. ಚಿತ್ರ ಕಳುಹಿಸುವವರು ಸ್ಪರ್ಧೆಯ ಷರತ್ತುಗಳನ್ನು ಅಲ್ಲಿಗೆ ತರಲಿ. ಇಂಗ್ಲಿಷ್ ಬಲ್ಲವರು, ಕಾಯಿದೆ ಬಲ್ಲವರು ಕುಳಿತು ಓದಿ ಹೇಳಲಿ. ಅನ್ಯಾಯದ ಷರತ್ತು ಕಂಡಲ್ಲಿ ಒಬ್ಬನ ಪತ್ರದ ಬದಲು ಇಪ್ಪತ್ತು ಜನರ ರುಜುವಿನ ಪತ್ರ ಹೋಗಲಿ. ಹಾಗೆಯೇ ರಾಜ್ಯೋತ್ಸವಕ್ಕೂ ವಾರ್ಷಿಕೋತ್ಸವಕ್ಕೂ ಚಿತ್ರಸ್ಪರ್ಧೆ ಏರ್ಪಡಿಸುವ ಸಂಘಗಳು ತಮ್ಮ ಪ್ರಕಟಣೆಯಲ್ಲಿಯೇ ಈ ಎರಡು ಸಾಲು ಅಚ್ಚು ಮಾಡಲಿ: ಚಿತ್ರದ ಹಕ್ಕು ತೆಗೆದವರದೇ, ಬಳಸಿದಲ್ಲೆಲ್ಲ ಅವರ ಹೆಸರು ಇರುತ್ತದೆ. ಪರರಿಂದ ಕೇಳುವ ನ್ಯಾಯವನ್ನು ಮೊದಲು ನಮ್ಮ ಅಂಗಳದಲ್ಲಿ ನಡೆಸಿ ತೋರಿಸೋಣ. ಮುಂದಿನ ರಾಜ್ಯೋತ್ಸವದ ಸ್ಪರ್ಧೆಯಿಂದಲೇ ಇದು ಆರಂಭವಾಗಲಿ.