ಏರುವ ಮುಂಚಿನ ಲೆಕ್ಕ



ಕಳೆದ ತಿಂಗಳ ಒಂದು ಭಾನುವಾರ ಪೂಜೆ ಮುಗಿಸಿ ಹೊರಗೆ ಬಂದಾಗ ನಮ್ಮ ಹೊಸೂರು ಕಡೆಯ ಒಬ್ಬ ತಾಯಿ ಮಡಚಿದ ಕಾಗದ ಹಿಡಿದು ನಿಂತಿದ್ದರು. "ಫಾದರ್, ಅಪ್ಪ ಮಗ ಸೇರಿ ಯೂರೋಪಿಗೆ ಸೈಕಲ್ ಹೊಡೆಯೋಕೆ ಹೊರಟಿದ್ದಾರೆ. ನೀವಾದರೂ ಒಂದು ಮಾತು ಹೇಳಿ" ಎಂದರು. ನಗು ಬಂತು. ಕಾಗದ ಬಿಡಿಸಿ ನೋಡಿದ ಮೇಲೆ ನಗು ನಿಂತಿತು.

ಮಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ. 2020ರ ಲಾಕ್‌ಡೌನ್ ಕಾಲದಲ್ಲಿ ಒಳ್ಳೆಯ ಸೈಕಲ್ ಕೊಂಡವನು ಈಗ 200 ಕಿಲೋಮೀಟರ್ ಓಟಗಳನ್ನು ಸಲೀಸಾಗಿ ಮುಗಿಸುತ್ತಾನೆ. ತಂದೆ ಡೆಂಕಣಿಕೋಟೆ ಬಳಿಯ ಹಳ್ಳಿಯವರು. ಸಿಪ್‌ಕಾಟ್‌ನ ಕಾರ್ಖಾನೆಗೆ ವರ್ಷಗಟ್ಟಲೆ ಕ್ಯಾರಿಯರ್‌ನಲ್ಲಿ ಊಟದ ಡಬ್ಬಿ ಕಟ್ಟಿಕೊಂಡು ತುಳಿದವರು. ಆ ಸೈಕಲ್ಲಿನ ಹಿಂದೆ ಕೂತು ಶಾಲೆಗೆ ಹೋದ ಹುಡುಗ ಈಗ ಅಪ್ಪನನ್ನು ಹೆಸರಾಂತ ಓಟಗಳ ದಾರಿಗೆ ಕರೆದೊಯ್ಯಬೇಕೆಂದಿದ್ದಾನೆ. ಇಂಥ ಆಸೆಗೆ ಯಾರು ತಾನೇ ಅಡ್ಡ ಬಂದಾರು?

ಆದರೆ ಕಾಗದದಲ್ಲಿದ್ದುದು ಒಂಬತ್ತೇ ದಿನ. ಅಷ್ಟರಲ್ಲಿ ಇಟಲಿಯ ಸ್ಟೆಲ್ವಿಯೊ, ಫ್ರಾನ್ಸಿನ ಗಲಿಬಿಯೆ, ಆಲ್ಪ್ ದ್ಯುಯೆಜ್, ಮಾಂ ವಾಂಟೂ, ಕೊನೆಗೆ ಮತ್ತೆ ಇಟಲಿಯ ಗಿಸಾಲ್ಲೊ. ಸ್ಟೆಲ್ವಿಯೊ 2,700 ಮೀಟರಿಗೂ ಎತ್ತರದ ಕಣಿವೆದಾರಿ. ಪ್ರಾತೊ ಕಡೆಯಿಂದ ಹತ್ತಿದರೆ 48 ತಿರುವು. ಆಲ್ಪ್ ದ್ಯುಯೆಜ್ 21 ತಿರುವುಗಳ 13.8 ಕಿಲೋಮೀಟರ್ ಏರು. ಅಲ್ಲಿ ಪ್ರತಿ ತಿರುವಿನಲ್ಲೂ ಟೂರ್ ದ ಫ್ರಾನ್ಸ್ ಓಟದಲ್ಲಿ ಆ ಏರನ್ನು ಗೆದ್ದವರ ಹೆಸರಿನ ಫಲಕಗಳಿವೆ. ಒಂದರಿಂದ ಇನ್ನೊಂದಕ್ಕೆ ಕಾರಿನಲ್ಲಿ ಹೋಗುವುದಕ್ಕೇ ಒಂದು ಹಗಲು ಬೇಕು. ಅಪ್ಪ ಮಗ ಮಾತಾಡುವುದು ಯಾವಾಗ?

ಆ ತಾಯಿಯ ಚಿಂತೆ ಬೇರೆಯೇ ಇತ್ತು. ಆರು ತಿಂಗಳಿಂದ ಗಂಡ ಮಹಡಿ ಹತ್ತುವಾಗ ನಡುವೆ ನಿಲ್ಲುತ್ತಾರೆ, ಎದೆ ಹಿಡಿದಂತಾಗುತ್ತದೆ ಎನ್ನುತ್ತಾರೆ. ಡಾಕ್ಟರು ಪರೀಕ್ಷೆಗೆ ಬರೆದುಕೊಟ್ಟ ಚೀಟಿ ದೇವರ ಪಟದ ಹಿಂದೆ ಹಾಗೇ ಇದೆ. ಮಗನಿಗೆ ಹೇಳಕೂಡದೆಂದು ಆಣೆ ಹಾಕಿಸಿಕೊಂಡಿದ್ದಾರೆ. ಪ್ರಯಾಣ ವಿಮೆಯ ಅರ್ಜಿಯಲ್ಲಿ ಕಾಯಿಲೆ ಕೇಳಿದ ಕಡೆ "ಇಲ್ಲ" ಎಂದು ಬರೆಸಿದ್ದಾರೆ. (ಇದನ್ನೆಲ್ಲ ಮೂವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ.)

ಆ ಸಂಜೆ ಅವರ ಮನೆಗೆ ಹೋದೆವು. ಹಿರಿಯರು ಕಾಫಿ ತರಿಸಿ, ಸ್ವಲ್ಪ ಹೊತ್ತು ಟೊಮೆಟೊ ಬೆಲೆ ಮಾತಾಡಿ, ಕೊನೆಗೆ ಹೇಳಿದರು: "ಹೇಳಿದರೆ ಅವನು ಕರಕೊಂಡು ಹೋಗಲ್ಲ ಫಾದರ್. ನನಗೆ ಇನ್ನೊಂದು ಸಲ ಸಿಗೋ ಅವಕಾಶ ಅಲ್ಲ ಇದು." ಇದಕ್ಕೆ ಉತ್ತರವಾಗಿ ನಾವು ಉಪದೇಶ ಮಾಡಲಿಲ್ಲ. ನಮ್ಮದೇ ಒಂದು ಕಥೆ ಹೇಳಿದೆವು.

2013ರಲ್ಲಿ ನಾವು ರೋಮಿನಲ್ಲಿ ಓದುತ್ತಿದ್ದೆವು. ಬೇಸಿಗೆ ರಜೆಯಲ್ಲಿ ಉತ್ತರ ಇಟಲಿಯ ಒಂದು ಧರ್ಮಕೇಂದ್ರದಲ್ಲಿ ನೆರವಿಗಿದ್ದಾಗ ಅಲ್ಲಿನ ವೃದ್ಧ ಗುರುಗಳ ಸೈಕಲ್ ಕೇಳಿ ಪಡೆದು, ಕೋಮೊ ಸರೋವರದ ದಡದ ಬೆಲ್ಲಾಜಿಯೊದಿಂದ ಗಿಸಾಲ್ಲೊ ಹತ್ತಲು ಹೊರಟೆವು. ಬೆಟ್ಟದ ನೆತ್ತಿ 754 ಮೀಟರ್ ಎಂದು ಓದಿದ್ದೆವು. ನಮ್ಮ ಹೊಸೂರೇ 850 ಮೀಟರಿಗೂ ಮೇಲಿದೆ, ಇದೇನು ಮಹಾ ಎಂದುಕೊಂಡೆವು! ಸರೋವರ ಇರುವುದು 200 ಮೀಟರಿನಲ್ಲಿ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಹತ್ತು ಕಿಲೋಮೀಟರ್ ಚಿಲ್ಲರೆಯಲ್ಲಿ ಐನೂರು ಮೀಟರಿಗೂ ಹೆಚ್ಚು ಏರಬೇಕು. ಅದರಲ್ಲೂ ಮೊದಲ ನಾಲ್ಕು ಕಿಲೋಮೀಟರೇ ಕಡಿದು. ಕೆಲವು ಕಡೆ ನೂರು ಮೀಟರ್ ಮುಂದೆ ಹೋದರೆ ಹದಿನಾಲ್ಕು ಮೀಟರ್ ಮೇಲೆ. ನಡುವೆ ಸ್ವಲ್ಪ ಸಮತಟ್ಟು ಬಂದು ಆಸೆ ಹುಟ್ಟಿಸುತ್ತದೆ, ಕೊನೆಗೆ ಮತ್ತೆ ಏರು. ಇಲ್ಲಿ ಹೊಸೂರಿನಿಂದ ಶೂಲಗಿರಿ ದಾಟಿ ಕೃಷ್ಣಗಿರಿಗೆ ಇಳಿಯುವಾಗ ಎಲ್ಲರೂ ಶೂರರೇ, ವಾಪಸು ಬರುವಾಗ ಗೊತ್ತಾಗುತ್ತದೆ. ನಾವು ಎರಡನೇ ಕಿಲೋಮೀಟರಿನಲ್ಲೇ ಇಳಿದು ಸೈಕಲ್ ತಳ್ಳಿದೆವು. ಒಬ್ಬ ಅಜ್ಜಿ ಕಿಟಕಿಯಿಂದ ನೋಡಿ ನೀರು ಕೊಟ್ಟರು.

ನೆತ್ತಿಯ ಮೇಲೆ, ಮಾಗ್ರೆಲ್ಯೊ ಊರಿನಲ್ಲಿ, ಒಂದು ಚಿಕ್ಕ ಪ್ರಾರ್ಥನಾಲಯವಿದೆ. 1949ರ ಅಕ್ಟೋಬರ್ 13ರಂದು ಹನ್ನೆರಡನೆಯ ಪಯಸ್ ಜಗದ್ಗುರುಗಳು ಅಲ್ಲಿನ ಮಾತೆ ಮರಿಯಮ್ಮನವರನ್ನು ಸೈಕಲ್ ಸವಾರರ ಪಾಲಕಿಯೆಂದು ಘೋಷಿಸಿದರು. ಇದಕ್ಕೆ ಓಡಾಡಿದವರು ಆ ಊರಿನ ಗುರು ಎರ್ಮೆಲಿಂದೊ ವಿಗಾನೊ. ಅಕ್ಟೋಬರಿನಲ್ಲಿ ಲೊಂಬಾರ್ದಿಯಾ ಓಟ ಆ ದಾರಿಯಲ್ಲಿ ಹಾದುಹೋಗುವಾಗ ಗಂಟೆ ಬಾರಿಸುತ್ತಾರೆ. ಒಳಗೆ ಗೋಡೆ ತುಂಬ ಸೈಕಲ್ಲುಗಳು, ಅಂಗಿಗಳು. ಒಂದು ಸೈಕಲ್ಲಿನ ಮುಂಭಾಗ ನುಗ್ಗುನುರಿಯಾಗಿದೆ. ಅದು ಆ ಕೋಮೊ ಸೀಮೆಯವನೇ ಆದ ಫಾಬಿಯೊ ಕಸಾರ್ತೆಲ್ಲಿಯದು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವನು, 1995ರ ಟೂರ್ ಓಟದಲ್ಲಿ ಬೆಟ್ಟ ಇಳಿಯುವಾಗ ಬಿದ್ದು ತೀರಿಕೊಂಡ. ವಯಸ್ಸು ಇಪ್ಪತ್ತನಾಲ್ಕು. ಅದರ ಮುಂದೆ ಬಹಳ ಹೊತ್ತು ನಿಂತಿದ್ದೆವು.

ಅದೇ ಸೆಪ್ಟೆಂಬರಿನಲ್ಲಿ ಜೀನೊ ಬಾರ್ತಲಿಯ ಸುದ್ದಿ ಬಂತು. 1938ರಲ್ಲೂ ಹತ್ತು ವರ್ಷ ಬಿಟ್ಟು 1948ರಲ್ಲೂ ಟೂರ್ ಗೆದ್ದವರು, ಗಟ್ಟಿ ಕಥೋಲಿಕರು. ಮಹಾಯುದ್ಧದಲ್ಲಿ ಅಭ್ಯಾಸದ ನೆಪದಲ್ಲಿ ಫ್ಲಾರೆನ್ಸ್, ಅಸಿಸಿ ನಡುವೆ ತುಳಿಯುತ್ತ, ಯೆಹೂದ್ಯರನ್ನು ಉಳಿಸುವ ನಕಲಿ ಗುರುತುಪತ್ರಗಳನ್ನು ಸೈಕಲ್ಲಿನ ಕೊಳವೆಯೊಳಗೆ ಬಚ್ಚಿಟ್ಟು ಸಾಗಿಸಿದ್ದಕ್ಕೆ ಇಸ್ರೇಲಿನ ಯಾದ್ ವಶೆಮ್ ಸಂಸ್ಥೆ 2013ರಲ್ಲಿ ಅವರನ್ನು ಗೌರವಿಸಿತು. ಅವರು 2000ದಲ್ಲೇ ತೀರಿಕೊಂಡಿದ್ದರು. ಬದುಕಿದ್ದಾಗ ಇದನ್ನು ಹೇಳಿಕೊಂಡು ತಿರುಗಿದವರಲ್ಲ.

ಹಿರಿಯರು ಇದನ್ನು ಕೇಳಿ, "ಅವರು ಮುಚ್ಚಿಟ್ಟದ್ದು ಬೇರೆಯವರ ಜೀವಕ್ಕೆ" ಎಂದರು, ನಾವು ಏನೂ ಹೇಳದಿದ್ದರೂ.

ಮಾಂ ವಾಂಟೂ ಬಗ್ಗೆಯೂ ಹೇಳಿದೆವು. 1967ರ ಜುಲೈ 13ರ ಉರಿಬಿಸಿಲಿನಲ್ಲಿ, ನೆತ್ತಿ ಇನ್ನೇನು ಹತ್ತಿರವಿದ್ದಾಗ, ಇಂಗ್ಲೆಂಡಿನ ಟಾಮ್ ಸಿಂಪ್ಸನ್ ಕುಸಿದು ಸತ್ತರು. ದೇಹದಲ್ಲಿ ಉತ್ತೇಜಕ ಮದ್ದಿತ್ತು. ದೇಹ ಬೇಡವೆಂದಾಗಲೂ ತುಳಿದಿದ್ದರು. ಅಲ್ಲಿ ಅವರ ಸ್ಮಾರಕ ಕಲ್ಲಿದೆ. ಸವಾರರು ನೀರಿನ ಬಾಟಲಿ, ಟೋಪಿ ಇಟ್ಟು ಹೋಗುತ್ತಾರೆ.

ಮುಂದಿನ ಶನಿವಾರ ಮಗ ಬಂದ. ಅಪ್ಪನೇ ಹೇಳಿದರು. ಹುಡುಗ ಎದ್ದು ಹಿತ್ತಲಿಗೆ ಹೋಗಿ ಸ್ವಲ್ಪ ಹೊತ್ತು ಬಿಟ್ಟು ಬಂದ. ಆಮೇಲೆ ಮೂವರೂ ನಾವೂ ಕೂತು ಆ ಕಾಗದದ ಮೇಲೆ ಗೀಟು ಎಳೆಯತೊಡಗಿದೆವು. ಮೊದಲು ಸ್ಟೆಲ್ವಿಯೊ ಹೋಯಿತು, ಆಮೇಲೆ ಫ್ರಾನ್ಸೇ ಹೋಯಿತು. ಉಳಿದದ್ದು ಗಿಸಾಲ್ಲೊ. ಮಿಲಾನಿನಿಂದ ಆಸ್ಸೊ ಊರಿನವರೆಗೆ ರೈಲಿದೆ. ಆ ಕಡೆಯ ಏರು ಸೌಮ್ಯ. ಡಾಕ್ಟರು ಒಪ್ಪಿದರೆ ಅಪ್ಪ ಅಲ್ಲಿಂದ ನಿಧಾನವಾಗಿ ಬರಲಿ. ಮಗ ಬೆಲ್ಲಾಜಿಯೊದ ಕಡಿದಾದ ದಾರಿ ಹಿಡಿಯಲಿ. ಇಬ್ಬರೂ ಮೇಲೆ ಸಿಗಲಿ.

ಇನ್ನುಳಿದದ್ದು ಸಣ್ಣಪುಟ್ಟ ಸಂಗತಿ, ಆದರೆ ಇಂಥ ಪ್ರವಾಸ ಕೆಡುವುದು ಅಲ್ಲೇ. ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ದೊಡ್ಡವರಿಗೆ 2024ರಿಂದ ಶುಲ್ಕ 90 ಯೂರೊ. ಕನಿಷ್ಠ 30,000 ಯೂರೊ ವೈದ್ಯ ವಿಮೆ ಕಡ್ಡಾಯ. ಇರುವ ಕಾಯಿಲೆ ಮುಚ್ಚಿಟ್ಟರೆ ಆಪತ್ತಿನಲ್ಲಿ ಆ ವಿಮೆ ಕೈಕೊಡಬಹುದು. ಐದು ದಿನಕ್ಕೆ ಇಲ್ಲಿಂದ ಸೈಕಲ್ ಪೆಟ್ಟಿಗೆ ಹೊರುವುದಕ್ಕಿಂತ ಅಲ್ಲೇ ಬಾಡಿಗೆಗೆ ಪಡೆಯುವುದು ಲೇಸು. ನಮ್ಮ ಸೀಟಿನ ಎತ್ತರ ಅಳೆದು ಬರೆದುಕೊಂಡರೆ ಸಾಕು. ಅಲ್ಲಿ ರಸ್ತೆಯ ಬಲಗಡೆ ಹೋಗಬೇಕು, ಸುರಂಗದಲ್ಲಿ ದೀಪವೂ ಹೊಳೆಯುವ ಅಂಗಿಯೂ ಬೇಕು. ಇಳಿಯುವಾಗ ಎದೆಗೆ ಚಳಿ ಹೊಡೆಯುತ್ತದೆ, ಹಳೆಯ ಓಟಗಾರರು ಅಂಗಿಯೊಳಗೆ ದಿನಪತ್ರಿಕೆ ತುರುಕಿಕೊಳ್ಳುತ್ತಿದ್ದರು. ಮಗನ ಅಭ್ಯಾಸಕ್ಕೆ ನಂದಿಬೆಟ್ಟ ಇದ್ದೇ ಇದೆ. ಅಂಚೆಟ್ಟಿಯ ಕಾಡುದಾರಿಯಲ್ಲಿ ಮಾತ್ರ ನಸುಕಿನಲ್ಲೂ ಸಂಜೆಯೂ ತುಳಿಯಬೇಡ, ಆನೆಗಳಿಗೆ ನಿನ್ನ ವೇಳಾಪಟ್ಟಿ ಗೊತ್ತಿಲ್ಲ ಎಂದೆವು.

ಟ್ರೆಡ್‌ಮಿಲ್ ಪರೀಕ್ಷೆ ಆಗಿದೆ. ಡಾಕ್ಟರು ಆಂಜಿಯೋಗ್ರಾಂ ಮಾಡಿಸಲೇಬೇಕೆಂದಿದ್ದಾರೆ. ಬರುವ ವಾರ ಬೆಂಗಳೂರಿಗೆ ಹೋಗುತ್ತಿದ್ದಾರೆ. ಅದಾಗುವವರೆಗೆ ಟಿಕೆಟ್ ಬೇಡವೆಂದು ಹಿರಿಯರೇ ಹೇಳಿದ್ದಾರಂತೆ.

ನಾವು ಎದ್ದು ಹೊರಟಾಗ ಆ ತಾಯಿ ಗೇಟಿನವರೆಗೆ ಬಂದರು. "ಫಾದರ್, ಆ ಗುಡಿಗೆ ಸೈಕಲ್ ಇಲ್ಲದವರು ಹೋಗಬಹುದಾ?" ಎಂದರು. ಬಸ್ಸಿದೆ ಎಂದೆವು. ನಿನ್ನೆ ಪೂಜೆಗೆ ಬಂದಾಗ, ಪಾಸ್‌ಪೋರ್ಟ್ ಅರ್ಜಿಗೆ ಫೋಟೊ ತೆಗೆಸಿಕೊಂಡೆ ಎಂದು ತೋರಿಸಿದರು.